ಜಟೆಯೂ ಸಂಕಲ್ಪವೂ

ಕೇಶವನ್ನು ತೊಳೆಯದೆ, ಬಾಚದೆ ಬಿಟ್ಟರೆ ಅದು ಸಿಕ್ಕುಗೊಂಡು ಜಟೆಯಾಗುವುದು ಪ್ರಕೃತಿನಿಯಮ. ಆ ಜಟೆಗೆ ಅರ್ಥವನ್ನು ಆರೋಪಿಸಿದವನು ಮಾನವನು. ಶಿವನು ಜಟಾಧರನು, ಗಂಗೆಯನ್ನು ಧರಿಸಿದುದು ಆತನ ಜಟೆ. ದೇಹಶೃಂಗಾರವನ್ನು ತೊರೆದ ತಪಸ್ವಿಗೆ ಅದು ವೈರಾಗ್ಯದ ಕುರುಹು. ಹಾಗಾದರೆ ಪಾವಿತ್ರ್ಯವಿರುವುದು ಜಟೆಯಲ್ಲಿಯೋ, ಧರಿಸಿದವರ ಸಂಕಲ್ಪದಲ್ಲಿಯೋ? ವಾಚಕರು ಇದನ್ನು ಕುರಿತು ಕೊಂಚ ವಿಚಾರಿಸಬೇಕು.

ದೂರದ ಜಮೈಕಾ ದ್ವೀಪದ ನಿದರ್ಶನವನ್ನು ನೋಡೋಣ. ಅಲ್ಲಿಯ ಬಹುಜನರ ಪೂರ್ವಜರು ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟವರು. ೧೯೩೦ರಲ್ಲಿ ರಾಸ್ ತಫಾರಿಯು ಹೈಲೆ ಸೆಲಾಸಿ ಎಂಬ ಹೆಸರಿನಿಂದ ಇಥಿಯೋಪಿಯದ ಚಕ್ರವರ್ತಿಯಾದಾಗ, ಆತನಲ್ಲಿ ದೈವವನ್ನು ಕಂಡ ಬಡಜನರಿಂದ ರಾಸ್ತಫಾರಿ ಪಂಥವು ಹುಟ್ಟಿತು. ಮುಂದೆ ಈ ಪಂಥದವರಲ್ಲಿ ಅನೇಕರು ಜಟೆ ಬಿಟ್ಟರು. ತಲೆಗೆ ಕ್ಷೌರದ ಕತ್ತಿ ಸೋಕಿಸಬಾರದೆಂಬ, ಬೈಬಲ್ಲಿನ ಅರಣ್ಯಕಾಂಡದ ನಾಜೀರವ್ರತವು ಅವರಿಗೆ ಆಧಾರ. ೧೮೪೫ರಿಂದ ಕೂಲಿಗಳಾಗಿ ಅಲ್ಲಿಗೆ ಹೋದ ಭಾರತೀಯರ ಸಾಧುಸಂಪ್ರದಾಯವನ್ನೂ, ಕೆನ್ಯದ ಮೌ ಮೌ ಹೋರಾಟಗಾರರನ್ನೂ ಕೆಲವು ವಿದ್ವಾಂಸರು ಇದಕ್ಕೆ ಪ್ರೇರಣೆಯೆಂದು ಹೇಳುತ್ತಾರೆ. ಮೂಲವು ಯಾವುದೇ ಇರಲಿ, ತಮ್ಮ ಕೂದಲು ಕೀಳೆಂಬ ಮಾತನ್ನು ತಲೆಮಾರುಗಳಿಂದ ಕೇಳಿದ್ದವರು ಅದನ್ನೇ ಆತ್ಮಗೌರವದ ಪತಾಕೆಯನ್ನಾಗಿ ಮಾಡಿಕೊಂಡರು. ೧೯೬೩ರ ಕೋರಲ್ ಗಾರ್ಡನ್ಸ್ ಗಲಭೆಯ ಕಾಲದಲ್ಲಿ ಪೋಲೀಸರು ಅವರನ್ನು ಹಿಡಿದು, ಹಲವರ ಜಟೆಗಳನ್ನು ಬಲಾತ್ಕಾರವಾಗಿ ಕತ್ತರಿಸಿದರು. ೨೦೧೭ರಲ್ಲಿ ಆ ದೇಶದ ಪ್ರಧಾನಮಂತ್ರಿಗಳು ಇದಕ್ಕಾಗಿ ಕ್ಷಮೆ ಕೋರಿದರು.

ಇದಕ್ಕೆ ವಿರುದ್ಧವಾದ ಚಿತ್ರವು ನಮ್ಮ ನಾಡಿನಲ್ಲಿಯೇ ಉಂಟು. ಉತ್ತರ ಕರ್ನಾಟಕದಲ್ಲಿ ಹೆಣ್ಣುಮಗುವಿನ ತಲೆಗೂದಲು ಗಂಟುಕಟ್ಟಿದರೆ, ಸವದತ್ತಿಯ ಎಲ್ಲಮ್ಮನು ಅವಳನ್ನು ಕರೆದಳೆಂದು ಭಾವಿಸಿ ದೇವದಾಸಿಯಾಗಿ ಬಿಡುವ ರೂಢಿಯಿತ್ತು. ೧೯೮೨ರ ಕಾಯಿದೆಯು ಈ ಪದ್ಧತಿಯನ್ನು ನಿಷೇಧಿಸಿತು. ಎಣ್ಣೆ, ಸೀಗೆಕಾಯಿ, ಬಾಚಣಿಗೆಗಳಿಂದ ತೀರಬಹುದಾಗಿದ್ದ ಸಿಕ್ಕು ಒಂದು ಜೀವದ ಬಾಳನ್ನೇ ಸಿಕ್ಕಿಗೆ ಹಾಕಿತು. ಆ ಮಗುವಿನ ಸಂಕಲ್ಪವೇನೆಂದು ಕೇಳಿದವರು ಯಾರು?

ಹಾಗಾದರೆ ಅಂಥ ಜಟೆಯನ್ನು ಬಲಾತ್ಕಾರವಾಗಿ ಕತ್ತರಿಸಬಹುದೇ ಎಂದು ವಾಚಕರು ಕೇಳಬಹುದು. ಜಟೆ ತೆಗೆದರೆ ಕೇಡು ತಪ್ಪದೆಂದು ನಡುಗುವ ತಾಯಿಯ ಕಣ್ಣೆದುರಿಗೆ ಕತ್ತರಿಯಾಡಿಸಿದರೆ ಕೂದಲು ಬೀಳುವುದು, ಭಯವು ಉಳಿಯುವುದು. ಮುಂದೆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಆ ಮಗುವೇ ಅಪರಾಧಿಯಾಗುವಳು. ಆದುದರಿಂದ ಮೊದಲು ಬಿಡಿಸಬೇಕಾದುದು ಹಿರಿಯರ ಮನಸ್ಸಿನ ಸಿಕ್ಕು. ಆ ಕೆಲಸಕ್ಕೆ ತಾಳ್ಮೆ ಬೇಕು, ಪದೇ ಪದೇ ಮನೆಯವರೆಗೆ ಹೋಗುವ ಕಾಲು ಬೇಕು.

ತಾನಾಗಿ ಧರಿಸಿದ ಜಟೆಯನ್ನು ಬಲದಿಂದ ಕತ್ತರಿಸುವುದೂ, ತಾನಾಗಿ ಬಂದ ಗಂಟನ್ನು ದೈವಾಜ್ಞೆಯೆಂದು ಹೊರಿಸುವುದೂ ಒಂದೇ ಹಿಂಸೆಯ ಎರಡು ರೂಪಗಳು. ಎರಡರಲ್ಲಿಯೂ ತಲೆ ಒಬ್ಬರದು, ನಿರ್ಣಯ ಇನ್ನೊಬ್ಬರದು. ಸಂಕಲ್ಪವಿಲ್ಲದ ಲಾಂಛನವು ಹೊರೆಯೇ ಸರಿ. ಧರ್ಮಬುದ್ಧಿಯುಳ್ಳವರು ಇನ್ನೊಬ್ಬರ ತಲೆಯನ್ನು ಮುಟ್ಟುವ ಮುನ್ನ ಅವರ ಮನಸ್ಸನ್ನು ಕೇಳಬೇಕು.