ಬಟ್ಟಲಿನ ಚೆಲುವೂ ಪಾನದ ಮದವೂ

ಫ್ರಾನ್ಸ್ ದೇಶದಲ್ಲಿ ಔತಣದ ಕೊನೆಗೆ, ಕಾಫಿಯ ತರುವಾಯ ಸೇವಿಸುವ ಸಿಹಿಮದ್ಯಕ್ಕೆ 'ಪೂಸ್ ಕಫೆ' ಎಂದು ಹೆಸರು. ಅಮೆರಿಕದ ಜೆರಿ ಥಾಮಸನು 1862ರಲ್ಲಿ ಪ್ರಕಟಿಸಿದ ಪಾನವಿಧಿಗಳ ಗ್ರಂಥದಲ್ಲಿಯೂ ಇದರ ಉಲ್ಲೇಖವುಂಟು. ಕ್ರಮೇಣ ಬಣ್ಣಬಣ್ಣದ ಪದರಗಳುಳ್ಳ ಬಟ್ಟಲಿಗೇ ಆ ಹೆಸರು ನಿಂತಿತು.

ಸಕ್ಕರೆ ಹೆಚ್ಚಿದಷ್ಟೂ ದ್ರವವು ಭಾರ. ಮದ್ಯಸಾರವು ಹೆಚ್ಚಿದಷ್ಟೂ ಹಗುರ. ದಾಳಿಂಬೆಯ ಪಾಕವಾದ ಗ್ರೆನಡೀನನ್ನು ಅಡಿಯಲ್ಲಿ ಹೊಯ್ದು, ಹಗುರವಾದವುಗಳನ್ನು ಕ್ರಮವಾಗಿ ಚಮಚದ ಬೆನ್ನಿನ ಮೇಲಿಂದ ಮೆಲ್ಲನೆ ಇಳಿಯಬಿಟ್ಟರೆ ಒಂದರ ಮೇಲೊಂದು ನಿಲ್ಲುತ್ತವೆ. ಆತುರಪಟ್ಟರೆ ಎಲ್ಲವೂ ಕಲೆತು ವರ್ಣಭೇದವೇ ಅಳಿಯುತ್ತದೆ.

ಇಂತಹ ಚೆಲುವು ಮದ್ಯದ ದೋಷವನ್ನು ಕಳೆಯುವುದೆ? ಸುಂದರವಾದುದೆಲ್ಲ ಹಿತವೆಂಬ ಭ್ರಮೆ ಕಣ್ಣಿಗೆ ಸಹಜ. ಆದರೆ ಪದರಗಳನ್ನು ನಿಲ್ಲಿಸುವುದು ಮದವಲ್ಲ, ಭಾರದ ತಾರತಮ್ಯ. ಸಕ್ಕರೆಯ ಪಾಕ, ಹಣ್ಣಿನ ರಸ, ನೀರು ಇವುಗಳಿಂದಲೂ ಅಂತಹ ಚೆಲುವನ್ನು ಕಟ್ಟಬಹುದು. ಹಾಗೆ ಕಟ್ಟಿದ ಬಟ್ಟಲೂ ಅಷ್ಟೇ ಸಂತೋಷವನ್ನು ಕೊಟ್ಟರೆ, ಮನಸ್ಸು ಬಯಸಿದುದು ಸೌಂದರ್ಯವನ್ನು. ಸಪ್ಪೆಯೆನಿಸಿದರೆ, ಬಯಸಿದುದು ಮದವನ್ನು. ಹಾಗಿದ್ದೂ ಅದನ್ನು ಕಲಾಭಿರುಚಿಯೆಂದು ಕರೆದುಕೊಳ್ಳುವುದು ಆತ್ಮವಂಚನೆಯಲ್ಲದೆ ಮತ್ತೇನು?

ಹಬ್ಬದ ಕೂಟದಲ್ಲಿ ಕುಡಿಯುವವರೂ ಕುಡಿಯದವರೂ ಸೇರುವುದುಂಟು. ಕುಡಿಯದ ಅತಿಥಿಯ ಮುಂದೆಯೂ ಅಷ್ಟೇ ಅಂದವಾದ ಬಟ್ಟಲನ್ನು ಇರಿಸುವ ಗೃಹಸ್ಥನೇ ಆ ಚೆಲುವನ್ನು ನಿಜವಾಗಿ ಪ್ರೀತಿಸಿದವನು.