ಬೆಟ್ಟಕ್ಕೆ ಕೊಟ್ಟ ಅಂಕ

ಮೂವತ್ತೆರಡು ವರ್ಷ ಗಣಿತದ ಮೇಷ್ಟರಾಗಿದ್ದವನು ನಾನು. ಅಂಕ ಕೊಡುವುದೇ ಕಸುಬಾಗಿದ್ದವನಿಗೆ ನಿವೃತ್ತಿಯಾದ ಮೇಲೂ ಆ ಚಟ ಬಿಡುವುದಿಲ್ಲ. ಹೋಟೆಲಿನ ಕಾಫಿಗೆ ಇಷ್ಟು, ಸಂಗೀತ ಕಚೇರಿಗೆ ಇಷ್ಟು, ಬೀಗರ ಉಪಚಾರಕ್ಕೆ ಇಷ್ಟು ಎಂದು ಮನಸ್ಸು ತನ್ನಷ್ಟಕ್ಕೆ ತಾನು ಕೂಡಿ ಕಳೆಯುತ್ತಲೇ ಇರುತ್ತದೆ. ಹೀಗಿರುವಾಗ ಬೆಟ್ಟದ ದಾರಿಗಳಿಗೂ ಅಂಕ ಕೊಡುವ ಜನ ಉಂಟೆಂದು ತಿಳಿದ ದಿನ ನನಗೆ ಸಂತೋಷವೇ ಆಯಿತು. ಆ ಸಂತೋಷ ಅರ್ಧ ಬೆಟ್ಟದವರೆಗೆ ಉಳಿಯಿತು.

ಮಗ ಮ್ಯೂನಿಕ್ ನಗರದಲ್ಲಿ ಕೆಲಸದಲ್ಲಿದ್ದಾನೆ. ಅವನನ್ನು ನೋಡಲು ಹೋದ ಬೇಸಗೆಯಲ್ಲಿ ನನ್ನನ್ನು ಉತ್ತರ ಇಟಲಿಯ ಡೋಲೊಮೈಟ್ ಪರ್ವತಗಳಿಗೆ ಕರೆದುಕೊಂಡು ಹೋದ. ಅಲ್ಲಿ 'ವಿಯಾ ಫೆರಾಟ' ಎಂಬ ದಾರಿಗಳಿವೆ. ಕಬ್ಬಿಣದ ದಾರಿ ಎಂದು ಅರ್ಥ. ಕಡಿದಾದ ಬಂಡೆಯ ಮೈಗೆ ಉಕ್ಕಿನ ಹಗ್ಗ ಬಿಗಿದು, ಕಾಲಿಡಲು ಗೂಟ ಬಡಿದು, ಅಲ್ಲಲ್ಲಿ ಏಣಿ ಕೂರಿಸಿರುತ್ತಾರೆ. ಹತ್ತುವವನು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಅದಕ್ಕೆ ಸೇರಿದ ಎರಡು ಕೊಂಡಿಗಳನ್ನು ಆ ಹಗ್ಗಕ್ಕೆ ಸಿಕ್ಕಿಸಬೇಕು. ಹಗ್ಗವನ್ನು ಬಂಡೆಗೆ ಬಿಗಿದ ಗೂಟ ಎದುರಾದಾಗ ಒಂದೊಂದೇ ಕೊಂಡಿಯನ್ನು ಬಿಚ್ಚಿ ಆಚೆಗೆ ಹಾಕಬೇಕು. ಎರಡನ್ನೂ ಒಟ್ಟಿಗೆ ಬಿಚ್ಚುವಂತಿಲ್ಲ.

ಈ ಸೀಮೆಯ ಹಲವು ದಾರಿಗಳು ಮೊದಲನೆಯ ಮಹಾಯುದ್ಧದ ಕಾಲದವು. 1915ರಿಂದ 1917ರವರೆಗೆ ಇಟಲಿಯ ಮತ್ತು ಆಸ್ಟ್ರಿಯ-ಹಂಗೇರಿಯ ಸೈನಿಕರು ಈ ಶಿಖರಗಳಲ್ಲಿ ಎದುರುಬದುರಾಗಿ ಕೂತಿದ್ದರು. ಆಳನ್ನೂ ಮದ್ದುಗುಂಡನ್ನೂ ಮೇಲಕ್ಕೆ ಸಾಗಿಸಲು ಏಣಿ ಹಗ್ಗಗಳನ್ನು ಕಟ್ಟಿದರು. ಲಗಾಟ್ಸುವೋಯ್ ಬೆಟ್ಟದ ಹೊಟ್ಟೆಯಲ್ಲಿ ಅವರು ಕೊರೆದ ಸುರಂಗಗಳಲ್ಲಿ ಇಂದು ಪ್ರವಾಸಿಗಳು ನಡೆಯುತ್ತಾರೆ. ಆ ಸೈನಿಕರಿಗೆ ದಾರಿ ಸುಲಭವೋ ಕಠಿಣವೋ ಎಂದು ಗುರುತು ಹಾಕಿಕೊಟ್ಟಿದ್ದರೂ ಏನು ಪ್ರಯೋಜನವಿತ್ತು? ಒಲ್ಲೆನೆನ್ನುವ ಸ್ವಾತಂತ್ರ್ಯ ಇದ್ದವನಿಗೆ ಮಾತ್ರ ಅಂಕ ಉಪಯೋಗಕ್ಕೆ ಬರುತ್ತದೆ. ಈ ಮಾತು ನನಗೆ ಆಮೇಲೆ ಹೊಳೆದದ್ದು.

ಹಿಂದಿನ ರಾತ್ರಿ ಮಗ ನನಗೆ ಪಾಠ ಮಾಡಿದ. ಆಸ್ಟ್ರಿಯದವರ ಪದ್ಧತಿಯಲ್ಲಿ 'ಎ'ಯಿಂದ 'ಇ'ಯವರೆಗೆ ಐದು ಅಕ್ಷರ. 'ಎ' ಎಂದರೆ ಬಹುಮಟ್ಟಿಗೆ ನಡೆದೇ ಹೋಗಬಹುದು. 'ಬಿ'ಯಲ್ಲಿ ದಾರಿ ಕಡಿದಾಗುತ್ತದೆ, ಏಣಿ ಎದುರಾಗಬಹುದು. 'ಸಿ'ಗೆ ತೋಳಿನಲ್ಲಿ ಕಸುವು ಬೇಕು. 'ಡಿ' ನೆಟ್ಟಗೆ ನಿಂತ ಗೋಡೆ. 'ಇ'ಯಲ್ಲಿ ಬಂಡೆ ತಲೆಯ ಮೇಲೆ ಬಾಗಿಕೊಂಡಿರುತ್ತದೆ. ಈಚೆಗೆ ಅದಕ್ಕೂ ಮೇಲೆ 'ಎಫ್' ಸೇರಿಸಿದ್ದಾರೆ. ಸಾಮಾನ್ಯವಾಗಿ ಈ ಅಕ್ಷರ ದಾರಿಯಲ್ಲಿ ಅತ್ಯಂತ ಕಠಿಣವಾದ ಜಾಗದ ಲೆಕ್ಕ, ಸರಾಸರಿಯಲ್ಲ. ಇದು ನನಗೆ ಮೆಚ್ಚುಗೆಯಾಯಿತು. ಹತ್ತು ಕಡೆ ಸಲೀಸಾಗಿ ಬಂದವನು ಹನ್ನೊಂದನೆಯ ಕಡೆ ಸಿಕ್ಕಿಕೊಂಡರೆ ಸರಾಸರಿ ಬಂದು ಕೈ ಹಿಡಿಯುವುದಿಲ್ಲ.

ಅವನ ಬಳಿ ಇಂಗ್ಲಿಷಿನ ಕೈಪಿಡಿಯೊಂದಿತ್ತು. ಅದು ಎರಡು ಗುರುತು ಕೊಡುತ್ತದೆ. 1ರಿಂದ 5ರವರೆಗಿನ ಅಂಕಿ ಕೈಕಾಲಿಗೆ ಎಷ್ಟು ಕಷ್ಟ ಎಂಬುದಕ್ಕೆ. 'ಎ', 'ಬಿ', 'ಸಿ' ಎಂಬ ಅಕ್ಷರ, ಎಡವಟ್ಟಾದರೆ ಗತಿ ಏನು ಎಂಬುದಕ್ಕೆ: ದಾರಿ ಎಷ್ಟು ಉದ್ದ, ನೆರವು ಎಷ್ಟು ದೂರ, ಗುಡುಗುಮಿಂಚು ಬಂದರೆ ನಡುವೆ ಇಳಿದು ಪಾರಾಗಬಹುದೆ. ನೋಡಿ, ಒಂದೇ 'ಸಿ' ಒಂದು ಪುಸ್ತಕದಲ್ಲಿ ತೋಳಿನ ಮಾತು, ಇನ್ನೊಂದರಲ್ಲಿ ಪ್ರಾಣದ ಮಾತು. ದಾರಿ ಸುಲಭವಾಗಿದ್ದರೂ ವಿಷಯ ಗಂಭೀರವಾಗಿರಬಹುದು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ರುಜು ಹಾಕುವುದು ಎಷ್ಟು ಕಷ್ಟ? ಎರಡು ಗೀಟು. ಆದರೂ ಲೇಖನಿ ಹಿಡಿದ ಕೈ ನಡುಗುವುದನ್ನು ಕಂಡಿಲ್ಲದವರು ಯಾರು?

ಮಾರನೆಯ ದಿನ ನಾವು ಹೋದದ್ದು 'ಬಿ' ದಾರಿಗೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಹತ್ತಿರದಿಂದಲೂ ಅದು ಮೊದಲ ಒಂದು ಗಂಟೆ ನುಣ್ಣಗೇ ಇತ್ತು. ಆಮೇಲೆ ಏಣಿಯೊಂದು ಬಂತು. ಹದಿನೈದು ಮೆಟ್ಟಿಲು ಇದ್ದಿರಬಹುದು. ಏಳನೆಯದರಲ್ಲಿ ಕಾಲುಗಳ ನಡುವೆ ಕೆಳಗಿನ ಕಣಿವೆ ಕಂಡಿತು. ಅಲ್ಲಿಗೆ ನಿಂತೆ. ಕೊಂಡಿ ಇದೆಯಲ್ಲ ಎಂದು ಬುದ್ಧಿ ಹೇಳಿತು. ಕೊಂಡಿಯ ಸಂಗತಿಯೂ ನನಗೆ ಗೊತ್ತಿತ್ತು: ಬಿದ್ದವನು ಹಗ್ಗದ ಗುಂಟ ಕೆಳಗಿನ ಗೂಟದವರೆಗೂ ಜಾರಿ ಅಲ್ಲಿ ಥಟ್ಟನೆ ನಿಲ್ಲುತ್ತಾನೆ. ಆ ಹೊಡೆತವನ್ನು ತಗ್ಗಿಸಲೆಂದೇ ಎಳೆದರೆ ಹರಿದುಕೊಳ್ಳುವ ಹೊಲಿಗೆಯ ಪಟ್ಟಿ ಇಟ್ಟಿರುತ್ತಾರೆ. ಪ್ರಾಣ ಉಳಿದರೂ ಮೈ ಮುರಿಯಬಹುದು. ಇಲ್ಲಿ ಬೀಳಬಾರದು ಎಂಬುದೇ ಮೊದಲ ನಿಯಮ.

"ಅಪ್ಪಾ, ಇದು ಬರೀ 'ಬಿ' ಕಣಪ್ಪಾ" ಎಂದ ಮಗ ಮೇಲಿನಿಂದ.

ಅವನು ಧೈರ್ಯ ತುಂಬಲೆಂದೇ ಹೇಳಿದ್ದು. ಆದರೆ ನನ್ನ ಭಯ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಅದರ ಜೊತೆಗೆ ನಾಚಿಕೆ ಸೇರಿಕೊಂಡಿತು. ಅದೇ ಕ್ಷಣದಲ್ಲಿ, ಎಷ್ಟೋ ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ನೆನಪಿಗೆ ಬಂತು. ಹತ್ತನೆಯ ತರಗತಿ. ಕರಿಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತ ಹುಡುಗ. ಲೆಕ್ಕ ಅರ್ಧಕ್ಕೆ ನಿಂತಿದೆ. "ಇಷ್ಟು ಸುಲಭದ ಲೆಕ್ಕ, ಇದೂ ಬಾರದೇನಯ್ಯ?" ಎಂದೆ ನಾನು. ತರಗತಿ ನಕ್ಕಿತು. ಮಾರನೆಯ ದಿನದಿಂದ ಅವನು ಕೊನೆಯ ಬೆಂಚಿಗೆ ಹೋದ. ಆ ವರ್ಷ ಪೂರ್ತಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ; ನಾನೂ ಅವನನ್ನು ಕರೆಯಲಿಲ್ಲ.

ಲೆಕ್ಕ ಸುಲಭದ್ದೇ. ಇಂದಿಗೂ ಹಾಗೆಯೇ ಹೇಳುತ್ತೇನೆ. ಕೈಪಿಡಿಯ ಭಾಷೆಯಲ್ಲಿ ಅದಕ್ಕೆ 1 ಎನ್ನಬಹುದು. ಆದರೆ ನಲವತ್ತು ಹುಡುಗರ ಕಣ್ಣೆದುರು, ಹಿಂದಕ್ಕೆ ಇಳಿಯಲು ದಾರಿಯಿಲ್ಲದೆ ಅದನ್ನು ಮಾಡುವುದಿತ್ತಲ್ಲ, ಅದು 'ಸಿ'. ನಾನು ಅಂಕಿಯನ್ನು ಮಾತ್ರ ಓದಿದೆ. ಅಕ್ಷರವನ್ನು ಓದಲಿಲ್ಲ.

ಹಾಗಾದರೆ ಅವರವರ ಭಯವೇ ಅವರವರ ಅಳತೆ, ಅಂಕಗಳೆಲ್ಲ ಸುಳ್ಳು ಎನ್ನೋಣವೆ? ಅದು ಸರಿಯಲ್ಲ. ಗುರುತೇ ಇಲ್ಲದಿದ್ದರೆ ನನ್ನಂಥವನು 'ಡಿ' ದಾರಿಯ ಬುಡಕ್ಕೆ ಹೋಗಿ ನಿಲ್ಲುತ್ತಿದ್ದ. ಮುಖ ಕಾಣದ ಅಪರಿಚಿತನಿಗೆ, ಮುಂಚಿತವಾಗಿ, "ಹೀಗಿದೆ, ಯೋಚಿಸಿ ಬಾ" ಎಂದು ಹೇಳಿಡುವುದು ದೊಡ್ಡ ಉಪಕಾರ. ಆದರೆ ಆ ಮಾತಿಗೆ ಒಂದು ವೇಳೆಯುಂಟು. ಹತ್ತುವ ಮುನ್ನ ಹೇಳಿದರೆ ಅದು ಎಚ್ಚರಿಕೆ. ನಡುದಾರಿಯಲ್ಲಿ ಸಿಕ್ಕಿಕೊಂಡವನಿಗೆ ಹೇಳಿದರೆ ಅದೇ ಚುಚ್ಚುಮಾತು. ಆಗ ಅವನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯ ಉಳಿದಿರುವುದಿಲ್ಲ. ಅಂಕ ಬಂಡೆಯನ್ನು ಅಳೆದದ್ದು. ಅದರಿಂದ ಮನುಷ್ಯನನ್ನು ಅಳೆಯಹೊರಟರೆ ತಪ್ಪು ಕೋಲಿನದಲ್ಲ, ಅಳೆಯುವವನದು.

ಏಣಿಯ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಹಿಂದೆ ಬರುತ್ತಿದ್ದ ಇಟಲಿಯ ಹೆಂಗಸೊಬ್ಬರು ಕೆಳಗೆ ನಿಂತು "ಪಿಯಾನೋ, ಪಿಯಾನೋ" ಎಂದರು. ನಿಧಾನ, ನಿಧಾನ ಎಂದು ಅರ್ಥವಂತೆ. ಮಗನಿಗೂ ಏನನ್ನಿಸಿತೋ, ಎರಡು ಮೆಟ್ಟಿಲು ಇಳಿದು ಬಂದ. ಈ ಸಲ ಅಕ್ಷರದ ಮಾತೆತ್ತಲಿಲ್ಲ. "ಯಾವ ಕಾಲಪ್ಪಾ ನಡುಗ್ತಾ ಇರೋದು?" ಎಂದು ಕೇಳಿದ. "ಎಡಗಾಲು" ಎಂದೆ. "ಹಾಗಾದರೆ ಬಲಗಾಲು ಮೊದಲು ಎತ್ತು" ಎಂದ. ಎತ್ತಿದೆ.

ಆ ಹುಡುಗನಿಗೂ ನಾನು ಅಷ್ಟೇ ಕೇಳಬಹುದಾಗಿತ್ತು: "ಯಾವ ಸಾಲಿನಲ್ಲಿ ನಿಂತೆಯಪ್ಪಾ?"