ಕಮಾನೂ ಬಾಗಿಲೂ

ಹಳೆಯ ಮನೆಯ ನಡುಗೋಡೆಯಲ್ಲಿರುವ ಕಮಾನಿನೊಳಗೆ ಇಟ್ಟಿಗೆ ಕಟ್ಟಿ, ಚೌಕಟ್ಟು ನಿಲ್ಲಿಸಿ, ಕದ ಕೂಡಿಸುವುದು ಗೌಂಡಿಗೂ ಬಡಿಗನಿಗೂ ಕೆಲವೇ ದಿನಗಳ ಕೆಲಸ. ಮನೆಯವರಿಗೆ ಮಾತ್ರ ಅದು ಅಷ್ಟು ಬೇಗ ಮುಗಿಯುವ ಮಾತಲ್ಲ. ಹಿರಿಯರು ಕಟ್ಟಿಸಿದ್ದನ್ನು ಕಿರಿಯರು ತಮ್ಮ ಅವಶ್ಯಕತೆಗಾಗಿ ಬದಲಿಸಬಹುದೇ? ಬದಲಿಸುವುದಾದರೆ ಎಲ್ಲಿಯವರೆಗೆ? ಪ್ರತಿಯೊಂದು ತಲೆಮಾರೂ ಈ ಪ್ರಶ್ನೆಯನ್ನು ತಾನೇ ಬಿಡಿಸಿಕೊಳ್ಳಬೇಕಾಗಿದೆ.

ವಿಚಾರವು ಸ್ಪಷ್ಟವಾಗಲೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಳೆಯ ಓಣಿಗಳಲ್ಲಿ ಕಾಣುವಂಥ ಕಲ್ಲು-ಗಚ್ಚಿನ ಮನೆ. ಪಡಸಾಲೆಗೂ ಒಳಕೋಣೆಗೂ ನಡುವೆ ಐದಡಿ ಅಗಲದ ಕಮಾನು, ಅದಕ್ಕೆ ಕದವಿಲ್ಲ. ಒಳಕೋಣೆಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಓದುವ ಮೊಮ್ಮಗಳಿದ್ದಾಳೆ. ಬಂದವರ ಮಾತು, ಟಿ.ವಿ.ಯ ಸದ್ದು, ಮಕ್ಕಳ ಜಗಳ ಎಲ್ಲವೂ ಅವಳ ಪುಸ್ತಕದ ಮೇಲೆಯೇ ಬಂದು ಬೀಳುತ್ತವೆ. ಬಟ್ಟೆ ಬದಲಿಸಬೇಕಾದರೆ ತಾಯಿ ಸೀರೆಯನ್ನು ಅಡ್ಡ ಹಿಡಿಯಬೇಕು. "ಅಜ್ಜಾ, ಇಲ್ಲೊಂದು ಬಾಗಿಲಾ ಕೂಡಸೂಣು" ಎಂದು ಅವಳು ಕೇಳಿದರೆ, "ನಮ್ಮನ್ಯಾಗ ಯಾರಿಗಿ ಯಾರು ಮುಚ್ಚಿಡೂದೈತಿ, ಯವ್ವಾ?" ಎಂದು ಅಜ್ಜ ಮರುಪ್ರಶ್ನೆ ಹಾಕುತ್ತಾನೆ.

ಅಜ್ಜನ ಮಾತನ್ನು ಬರಿಯ ಹಠವೆಂದು ತಳ್ಳಿಹಾಕಲಾಗದು. ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳುವ ಮನೆಯಲ್ಲಿ ಯಾರೂ ಒಂಟಿಯಾಗಿ ನರಳುವುದಿಲ್ಲ. ಕೂಡಿ ಬಾಳುವ ಬದುಕಿಗೆ ಆ ತೆರವು ಒಂದು ಗುರುತಾಗಿತ್ತು. ಆದರೂ ಇಲ್ಲಿ ಒಂದು ಸೂಕ್ಷ್ಮವಿದೆ. ಬೀಗವಿಲ್ಲದ ಪೆಟ್ಟಿಗೆಯಿಂದ ಹಣ ಹೋದರೆ ಅದನ್ನು ಯಾರೂ ದಾನವೆನ್ನುವುದಿಲ್ಲ. ಹಾಗೆಯೇ ಮುಚ್ಚಲು ಬಾರದ ದ್ವಾರವು ತೆರೆದಿದೆಯೆಂದು ಅದರಲ್ಲಿ ಔದಾರ್ಯವನ್ನು ಕಾಣುವುದು ಕಷ್ಟ. ಮುಚ್ಚುವ ಸ್ವಾತಂತ್ರ್ಯವಿದ್ದವನು ತೆರೆದಿಟ್ಟಾಗಲೇ ತೆರವು ಒಂದು ಗುಣವಾಗುತ್ತದೆ. ಇನ್ನೊಂದು ಮಾತು: ತೆರೆದ ಕಮಾನಿನ ಸೊಗಸನ್ನು ಪಡಸಾಲೆಯಲ್ಲಿ ಕುಳಿತವನು ಸವಿಯುತ್ತಾನೆ, ಅದರ ಬೆಲೆಯನ್ನು ಒಳಕೋಣೆಯಲ್ಲಿರುವವಳು ತೆರುತ್ತಾಳೆ. ಶಿಕ್ಷಕರಾದ ನಾವು ಇಂಥ ಮಕ್ಕಳನ್ನು ದಿನವೂ ಕಾಣುತ್ತೇವೆ. ಮನೆಯಲ್ಲಿ ಓದಲು ಒಂದು ಮೂಲೆಯೂ ಇಲ್ಲದವರ ಪಾಠವು ಎಷ್ಟು ಬೇಗ ಹಿಂದೆ ಬೀಳುತ್ತದೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಡುಗಿಯ ಬೇಡಿಕೆ ನ್ಯಾಯವಾದದ್ದು.

ಕಮಾನು ನಮ್ಮ ಪರಂಪರೆ, ಚೌಕ ಬಾಗಿಲು ಹೊಸಗಾಲದ ಚಾಳಿ ಎಂಬ ಆಕ್ಷೇಪಣೆಯೂ ಉಂಟು. ಇತಿಹಾಸವು ಇದಕ್ಕೆ ಒಪ್ಪುವುದಿಲ್ಲ. ಎಂಟನೆಯ ಶತಮಾನದ ಪಟ್ಟದಕಲ್ಲಿನ ದೇಗುಲಗಳನ್ನು ನೋಡಿರಿ. ಎರಡು ನಿಲುಗಲ್ಲು, ಅವುಗಳ ಮೇಲೊಂದು ಅಡ್ಡಕಲ್ಲು. ಅಲ್ಲಿಯ ದ್ವಾರಗಳೆಲ್ಲ ಚೌಕವೇ. ಬಹಮನಿ ರಾಜ್ಯವು 1347ರಲ್ಲಿ ಸ್ಥಾಪಿತವಾಗಿ ಕಲಬುರ್ಗಿ ರಾಜಧಾನಿಯಾದ ಮೇಲೆ ಕಲ್ಲಿಗೆ ಕಲ್ಲು ಒತ್ತಿ ನಿಲ್ಲುವ ಕಮಾನು ನಮ್ಮ ಸೀಮೆಯಲ್ಲಿ ವಿಶೇಷವಾಗಿ ಹರಡಿತು. ಮುಂದೆ ಆದಿಲಶಾಹಿಯ ವಿಜಯಪುರದಲ್ಲಿ ಅದು ಶಿಖರವನ್ನು ಮುಟ್ಟಿತು. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಸಮಾಧಿಯಾದ ಗೋಲಗುಮ್ಮಟದ ಮಹಾಗುಮ್ಮಟವನ್ನು ಒಂದರೊಳಗೊಂದು ಹೆಣೆದುಕೊಂಡ ಎಂಟು ಕಮಾನುಗಳು ಎತ್ತಿ ಹಿಡಿದಿವೆ. ಎರಡೂ ರೂಪಗಳು ಈ ನೆಲದಲ್ಲಿ ಬಹುಕಾಲ ಬಾಳಿವೆ. ಒಂದನ್ನು ಸ್ವಂತವೆಂದೂ ಇನ್ನೊಂದನ್ನು ಪರಕೀಯವೆಂದೂ ಎಣಿಸಲು ಆಧಾರವಿಲ್ಲ. ಆದ್ದರಿಂದ ಆಕಾರವನ್ನು ಬದಲಿಸಿದ ಮಾತ್ರಕ್ಕೆ ಪೂರ್ವಜರಿಗೆ ದ್ರೋಹವಾಗಲಾರದು.

ಹಾಗಾದರೆ ದ್ರೋಹವಾಗುವುದೆಲ್ಲಿ? ಈ ಪ್ರಶ್ನೆಗೆ ಉತ್ತರವನ್ನು ಕಮಾನಿನ ಕಾರ್ಯದಲ್ಲಿಯೇ ಹುಡುಕಬೇಕು. ಅಡ್ಡಕಲ್ಲಿನ ಮೇಲೆ ಭಾರ ಬಿದ್ದಾಗ ಅದರ ಕೆಳಮೈ ಹಿಗ್ಗಲೆತ್ನಿಸುತ್ತದೆ. ಅದುಮಿದರೆ ತಾಳಿಕೊಳ್ಳುವ ಕಲ್ಲು ಎಳೆದರೆ ಬಿರಿಯುತ್ತದೆ. ಕಮಾನಿನಲ್ಲಿಯಾದರೋ ಪ್ರತಿಯೊಂದು ಕಲ್ಲೂ ನೆರೆಯ ಕಲ್ಲನ್ನು ಒತ್ತುತ್ತ ಮೇಲಿನ ಭಾರವನ್ನು ಎರಡೂ ಬದಿಗೆ ಹಂಚುತ್ತದೆ. ಹೀಗೆ ಹಂಚುವಾಗ ಅದು ಬದಿಯ ಗೋಡೆಗಳನ್ನು ಹೊರಕ್ಕೂ ನೂಕುತ್ತಿರುತ್ತದೆ. ಸಾಲುಗಮಾನುಗಳಲ್ಲಿ ಒಂದರ ನೂಕನ್ನು ಪಕ್ಕದ್ದು ತಡೆದು ನಿಂತಿರುತ್ತದೆ. ಚೌಕ ಬಾಗಿಲು ಬೇಕೆಂದು ಅವಸರದಿಂದ ಒಂದು ಕಮಾನನ್ನು ಕಿತ್ತರೆ ಮೇಲಿನ ಗೋಡೆ ಕುಸಿಯಬಹುದು. ಅದರ ಆಧಾರವನ್ನು ಕಳೆದುಕೊಂಡು ಪಕ್ಕದ ಕಮಾನೂ ಬಾಯಿ ಬಿಡಬಹುದು. ತನ್ನ ಕೋಣೆಗೆ ಬಾಗಿಲು ಮಾಡಿಕೊಳ್ಳಲು ಹೋಗಿ ನೆರೆಯವನ ಗೋಡೆಯನ್ನು ಬೀಳಿಸಿದಂತಾಗುವುದು.

ಇತ್ತೀಚಿನ ಕಾಂಕ್ರೀಟ ಮನೆಗಳಲ್ಲಿಯೂ ಕಮಾನುಗಳುಂಟು. ಅವುಗಳಲ್ಲಿ ಹಲವು ಬರಿಯ ಗಿಲಾವಿನವು. ಭಾರವನ್ನೆಲ್ಲ ಹೊತ್ತಿರುವುದು ಮೇಲೆ ಮರೆಯಾಗಿರುವ ಕಾಂಕ್ರೀಟ ತೊಲೆ. ಅಂಥ ಕಮಾನನ್ನು ತೆಗೆದರೆ ಶೋಭೆ ಹೋಗಬಹುದು, ಮನೆ ಬೀಳದು. ಹೊರಗಿನಿಂದ ನೋಡುವವನಿಗೆ ಇವೆರಡೂ ಒಂದೇ ಬಗೆಯಾಗಿ ತೋರುತ್ತವೆ. ಗಿಲಾವನ್ನು ಸ್ವಲ್ಪ ಕೆರೆದು ಒಳಗಿನ ಕಲ್ಲು ಕಂಡ ಮೇಲೆಯೇ ಬಲ್ಲವನು ತೀರ್ಪು ಕೊಡುತ್ತಾನೆ. ಹಿರಿಯರಿಂದ ಬಂದ ಆಚಾರಗಳ ಮಾತೂ ಇದೇ ಅಲ್ಲವೇ? ಕೆಲವು ಬಾಳನ್ನು ಹೊತ್ತು ನಿಂತಿವೆ; ಕೆಲವು ಬರಿಯ ಗಿಲಾವು. ಎಲ್ಲವನ್ನೂ ಕೆಡಹುವವನೂ ಏನನ್ನೂ ಮುಟ್ಟಗೊಡದವನೂ ಕೆರೆದು ನೋಡುವ ಶ್ರಮವನ್ನು ತಪ್ಪಿಸಿಕೊಂಡವರೇ.

ನಮ್ಮ ಕಲ್ಪನೆಯ ಮನೆಯಲ್ಲಿರುವುದು ಭಾರ ಹೊತ್ತ ಕಮಾನು. ಅಲ್ಲಿ ಒಂದು ಕಲ್ಲನ್ನೂ ಅಲುಗಿಸದೆ ಬಾಗಿಲು ಮಾಡಬಹುದು. ನೆಲವು ಹೊಸ ಇಟ್ಟಿಗೆಯ ಭಾರವನ್ನು ತಾಳುವುದೇ ಎಂಬುದನ್ನು ಮೊದಲು ನೋಡಬೇಕು. ಐದಡಿ ತೆರವಿನ ನಡುವೆ ಮೂರಡಿ ಅಗಲದ ಚೌಕಟ್ಟನ್ನು ನಿಲ್ಲಿಸಿ, ಎರಡೂ ಬದಿಗೆ ಒಂದೊಂದು ಅಡಿ ಇಟ್ಟಿಗೆ ಕಟ್ಟಬೇಕು. ಚೌಕಟ್ಟಿನ ಕಬ್ಬಿಣದ ಪಟ್ಟಿಗಳನ್ನು ಆ ಹೊಸ ಇಟ್ಟಿಗೆಯಲ್ಲಿಯೇ ಹುಗಿಯಬೇಕು. ಸುಣ್ಣದ ಹಳೆಯ ಗೋಡೆಗೆ ಸುಣ್ಣದ ಗಾರೆಯೇ ಹಿತ. ಬಿರುಸಾದ ಸಿಮೆಂಟು ಗೋಡೆಯ ತೇವವನ್ನು ಹೊರಬಿಡದೆ ಒಳಗೇ ತಡೆದಿಡುತ್ತದೆ. ಚೌಕಟ್ಟಿನ ತಲೆಗೂ ಕಮಾನಿನ ಹೊಟ್ಟೆಗೂ ನಡುವೆ ಉಳಿಯುವ ಅರ್ಧಚಂದ್ರಾಕಾರದ ಜಾಗಕ್ಕೆ ಜಾಲಂಧ್ರವನ್ನು ಕೂಡಿಸಿದರೆ ಕೋಣೆಗೆ ಗಾಳಿ ಬೆಳಕು ತಪ್ಪುವುದಿಲ್ಲ. ಭಾರವನ್ನು ಕಮಾನು ಎಂದಿನಂತೆ ಹೊರುತ್ತದೆ. ಮರೆಯನ್ನು ಕದ ಕೊಡುತ್ತದೆ. ಮುಂದೆ ಈ ಬಾಗಿಲು ಬೇಡವಾದವರು ಚೌಕಟ್ಟನ್ನೂ ಇಟ್ಟಿಗೆಯನ್ನೂ ಬಿಚ್ಚಿ ತೆಗೆಯಬಹುದು. ನಮ್ಮ ನಿರ್ಣಯವು ಅವರ ಮೇಲೆ ಹೇರಿದಂತಾಗದು. ಬದಲಾವಣೆಯ ಧರ್ಮವನ್ನು ನಾನು ತಿಳಿದಿರುವುದು ಹೀಗೆ: ಇಂದು ಬದುಕುವವರ ನ್ಯಾಯವಾದ ಬೇಡಿಕೆಗೆ ಹಳೆಯ ರೂಪವು ದಾರಿ ಬಿಡಬೇಕು, ಬದಲಿಸುವವರು ಭಾರ ಹೊತ್ತದ್ದನ್ನು ಅರಿತು ಉಳಿಸಬೇಕು.

ಇಷ್ಟಾದರೂ ಅಜ್ಜನಿಗೆ ಒಂದು ನಷ್ಟ ಉಂಟಾಗಿಯೇ ಆಗುತ್ತದೆ. ಕುಳಿತಲ್ಲಿಂದಲೇ ಮೊಮ್ಮಗಳನ್ನು ಕಾಣುತ್ತಿದ್ದವನಿಗೆ ಇನ್ನು ಕದ ಕಾಣುತ್ತದೆ. ಆ ನಷ್ಟವನ್ನು ತುಂಬುವುದು ಗೌಂಡಿಯ ಕೈಯಲ್ಲಿಲ್ಲ. ಓದು ಮುಗಿದ ಮೇಲೆ ಅಗಳಿ ತೆಗೆದು, ಹೊರಗೆ ಬಂದು, ಅಜ್ಜನ ಬಳಿ ಒಂದು ಗಳಿಗೆ ಕುಳಿತುಕೊಳ್ಳುವುದು ಅವಳ ಕೆಲಸ. ಇಷ್ಟು ದಿನ ಗೋಡೆಯು ತಾನಾಗಿ ಮಾಡುತ್ತಿದ್ದುದನ್ನು ಇನ್ನು ಮೇಲೆ ಅವಳು ಮನಸಾರೆ ಮಾಡಬೇಕಾಗಿದೆ.